ಹಾಕಿದೆಯೋ ಇಲ್ಲವೋ

ಮಂಡಕ್ಕಿ ಭಟ್ಟಿಯ ಮೇಲಿನ ಅಟ್ಟದಲ್ಲಿ
ಶನಿವಾರ ರಾತ್ರಿ ನಾವು ನಾಲ್ವರು ಬೇರೆಯವರಾಗುತ್ತೇವೆ.
ಕೆಳಗೆ ಹೊಟ್ಟಿನ ಬೆಂಕಿ ಆರುತ್ತಿರುತ್ತದೆ,
ಮರಳು ಇನ್ನೂ ಬಿಸಿ,
ಗೋಡೆಗೆ ಅಂಗೈ ಇಟ್ಟರೆ ಗೊತ್ತಾಗುತ್ತದೆ.

ದಲಾಲಿ ಅಂಗಡಿಯ ಹಳೆ ಚೀಟಿಗಳ ಬೆನ್ನಿಗೆ
ಪಾತ್ರಗಳನ್ನು ಬರೆದುಕೊಂಡಿದ್ದೇವೆ:
ಹೆಸರು, ಬಲ, ಓಟ, ಕತ್ತಿ, ಕುದುರೆ.
ಕೊನೆಗೊಂದು ಗೆರೆ ಎಳೆದು ಜಾಗ ಬಿಟ್ಟಿದ್ದೆ,
‘ಕೊರತೆ’ ಅಂತ.
ಕಥೆ ನಡೆಸುವವನು ನಾನು. ಆ ಸಾಲು ತುಂಬದೆ
ಯಾರನ್ನೂ ಕೋಟೆಯೊಳಗೆ ಬಿಡುವುದಿಲ್ಲ ಅಂದಿದ್ದೆ.

ಹಾಲೇಶಿ ಮೊದಲು ಬರೆದ: ಸಿಟ್ಟು ಜಾಸ್ತಿ.
ಮೀಸೆ ಜಾಸ್ತಿ ಅಂದಂಗಾತು, ಹೊಡೆದು ಹಾಕು.
ಎಡಗಣ್ಣು ಕಾಣಿಸಲ್ಲ, ಅಂದ.
ಬಾಣ ಗುರಿ ತಪ್ಪುತ್ತದಾ?
ಇಲ್ಲ.
ಹಾಗಾದರೆ ಅದು ಒಡವೆ ಕಣಲೇ.
ಸಿಟ್ಟೇ ಇರಲಿ ಬಿಡು ಅಂತ ಮುಖ ತಿರುಗಿಸಿದ.
ಶಾಹಿಸ್ತಾ, ಹಲ್ಲಿನ ಕಾಲೇಜು ಎರಡನೇ ವರ್ಷ,
ನೀಟಾಗಿ ಬರೆದಳು: ಅತಿಯಾದ ಪ್ರಾಮಾಣಿಕತೆ.
ಇಂಟರ್‌ವ್ಯೂಗೆ ಇಟ್ಟುಕೋ ಅದನ್ನ, ಅಂದೆ.
ಹುಳುಕಿಲ್ಲದ ಹಲ್ಲನ್ನು ನೀನು
ಎಷ್ಟು ಹೊತ್ತು ನೋಡುತ್ತೀ?
ಅವಳು ನಗಲಿಲ್ಲ. ರಬ್ಬರ್ ಉಜ್ಜಿ ಖಾಲಿ ಬಿಟ್ಟಳು.

ತಿಪ್ಪೇಶಿ ಭಟ್ಟಿಯವನು, ಸಂಜೆವರೆಗೆ ಜರಡಿ ಹಿಡಿದವನು,
ಪೆನ್ಸಿಲ್ ತುದಿ ಕಚ್ಚುತ್ತ ಬರೆದ:
‘ಬಾಗಿಲು ಹಾಕಿದೆನೋ ಇಲ್ಲವೋ ಅಂತ
ವಾಪಸು ಹೋಗಿ ನೋಡುತ್ತಾನೆ.’
ಅವನ ಪಾತ್ರ ದಿಡ್ಡಿ ಬಾಗಿಲ ಕಾವಲುಗಾರ.
ನಕ್ಕೆವು. ಒಳಗೆ ಬಿಟ್ಟೆ.

ಕೋಟೆಗೆ ಹೆಸರಿಟ್ಟಿರಲಿಲ್ಲ.
ಸುತ್ತು ಏಳು, ಬಂಡೆ ಲೆಕ್ಕವಿಲ್ಲ,
ದುರ್ಗದ್ದೇ ಅಂತ ಎಲ್ಲರಿಗೂ ಗೊತ್ತಿತ್ತು.
ಆರನೇ ಸುತ್ತು ದಾಟಿದ ಮೇಲೆ
ತಿಪ್ಪೇಶಿ ನಿಂತುಬಿಟ್ಟ. ‘ನಾನು ವಾಪಸು ಹೋಗಬೇಕು.’
ಹೋಗಬ್ಯಾಡಲೇ, ಹಾಕೀಯ, ನಾವೇ ನೋಡೇವಿ, ಅಂದ ಹಾಲೇಶಿ.
‘ನೀವು ನೋಡೀರಿ. ನನ್ನ ಕೈಗೆ ನೆನಪಿಲ್ಲ.’
ಹೋದ. ಅಗಳಿ ಮುಟ್ಟಿ ನೋಡಿದ. ಹಾಕಿತ್ತು.
ಮುಟ್ಟಿದ್ದು ಸಾಲದು.
ಹಾಕಿದೆ ಅಂತ ಖಾತ್ರಿಯಾಗಲು
ಒಂದು ಸಲ ತೆಗೆಯಲೇಬೇಕಲ್ಲ.

ತೆಗೆದ.

ಹೊರಗೆ ಕತ್ತಲಲ್ಲಿ ಎಷ್ಟು ಜನ ಕೂತಿದ್ದರೆಂದು
ದಾಳ ಹೇಳಬೇಕು. ಕಮ್ಮಿ ಬಿದ್ದಷ್ಟೂ ಜನ ಹೆಚ್ಚು.
ಮದುವೆ ಕಾರ್ಡು ನಿಲ್ಲಿಸಿದ ಮರೆಯ ಹಿಂದೆ
ನಾನೇ ಎಸೆಯುತ್ತೇನೆ, ನಾನೇ ಓದುತ್ತೇನೆ.
ಎರಡು ವರ್ಷದಿಂದ ಇವರ್ಯಾರೂ ಸತ್ತಿಲ್ಲ.
ಎರಡು ಬಿದ್ದರೆ ಐದು ಅಂದಿದ್ದೇನೆ,
ಬಾಣ ತಗುಲುವಾಗ ಗಾಳಿ ಬೀಸಿಸಿದ್ದೇನೆ.
ಕಥೆ ನಡೆಸುವವನಿಗೆ ಚೀಟಿ ಇರುವುದಿಲ್ಲ,
ಕೊನೆಯ ಸಾಲು ತುಂಬು ಅಂತ ಯಾರೂ ಕೇಳುವುದಿಲ್ಲ.

ಈ ಸಲ ಕಾರ್ಡು ಮಡಚಿಟ್ಟೆ.
ಮೂಲೆ ಮುಕ್ಕಾದ ದಾಳ ಚಾಪೆಯ ಮೇಲೆ ಉರುಳಿ
ಹಾಲೇಶಿಯ ಮೊಣಕಾಲಿಗೆ ತಾಗಿ ನಿಂತಿತು.
ಒಂದು.

ಹಾಲೇಶಿಯ ವೀರ ಮೆಟ್ಟಿಲ ಮೇಲೆಯೇ ಸತ್ತ,
ಸಿಟ್ಟು ಮಾಡಿಕೊಳ್ಳುವಷ್ಟೂ ಪುರಸೊತ್ತು ಸಿಗಲಿಲ್ಲ.
ಕಾವಲುಗಾರ ಉಳಿದುಕೊಂಡ. ಕಷ್ಟವಾಗಿದ್ದು ಅದೇ.
ಯಾರೂ ಮಾತಾಡಲಿಲ್ಲ.
ಖಾರಮಂಡಕ್ಕಿ ಮೆತ್ತಗಾಯಿತು, ಮಿರ್ಚಿ ತಣ್ಣಗೆ.
ಶಾಹಿಸ್ತಾ ಮಾತ್ರ ಕೈ ಅಡ್ಡ ಹಿಡಿದು
ಖಾಲಿ ಸಾಲಿನಲ್ಲಿ ಏನೋ ಬರೆದಳು.
ಏನು ಅಂದರೆ, ಆಟದಲ್ಲಿ ಗೊತ್ತಾಗಲಿ, ಅಂದಳು.

ಹನ್ನೊಂದಕ್ಕೆ ಇಳಿದೆವು.
ಓಣಿ ತುಂಬ ಬೂದಿಯ ವಾಸನೆ, ಒಂದೇ ಬೀದಿದೀಪ.
ತಿಪ್ಪೇಶಿ ಭಟ್ಟಿಗೆ ಬೀಗ ಹಾಕಿದ. ಎಳೆದು ನೋಡಿದ.
ನಾಲ್ಕು ಹೆಜ್ಜೆ ಬಂದ. ತಿರುಗಿದ.
ಪ್ರತಿ ಶನಿವಾರ ಹೀಗೇ,
ಹಾರ್ನ್ ಹೊಡೆದು ಹೊಡೆದು ಕರೆಯುತ್ತಿದ್ದೆವು.
ಹಾಲೇಶಿ, ಆಗಷ್ಟೇ ಸತ್ತವನು,
ಸ್ಟಾರ್ಟ್ ಮಾಡಿದ್ದ ಗಾಡಿ ಆಫ್ ಮಾಡಿದ.
‘ನಿಧಾನಕ್ಕೆ ನೋಡಲೇ,’ ಅಂದ.
‘ಬೇಕಾದರೆ ತೆಗೆದು ನೋಡು. ನಾವು ಇಲ್ಲೇ ನಿಂತಿರ್ತೀವಿ.’